ಎರಡು ಭಾಷೆಯ ಒಂದು ಸುಳ್ಳು

ನನ್ನ ಕಾರಿನ ವಾಟರ್ ಪಂಪು ಕೆಟ್ಟುಹೋದದ್ದು 2022ರ ಮೇ ತಿಂಗಳಲ್ಲಿ. ವಾರಂಟಿ ಮುಗಿಯಲು ಇನ್ನೂ ಆರು ತಿಂಗಳಿದ್ದುದರಿಂದ ಪುಕ್ಕಟೆಯಾಗಿ ಸರಿಪಡಿಸಿಕೊಟ್ಟರು. ಕೇಳಿದವರೆಲ್ಲ ನನ್ನ ಅದೃಷ್ಟ ಎಂದರು. ಸಂಗತಿ ಇಷ್ಟೇ ಆಗಿದ್ದರೆ ಅದನ್ನು ಈ ವಾರ್ಷಿಕ ಸಂಚಿಕೆಯವರೆಗೆ ಹೊತ್ತು ತರುವ ಅಗತ್ಯವಿರಲಿಲ್ಲ. ಆದರೆ ಆ ಪುಕ್ಕಟೆ ರಿಪೇರಿಗಾಗಿ ನಾನು ಒಂದು ಸುಳ್ಳು ಹೇಳಿದ್ದೇನೆ. ಮೊದಲು ಮಲಯಾಳದಲ್ಲಿ ಹೇಳಿದೆ, ಎರಡು ನಿಮಿಷ ಬಿಟ್ಟು ಕನ್ನಡದಲ್ಲಿ ಹೇಳಿದೆ. ಸುಳ್ಳು ಒಂದೇ, ಕೇಳಿದವನೂ ಒಬ್ಬನೇ. ಆದರೂ ಮೊದಲನೆಯದು ನಾಲಿಗೆಯಿಂದ ಸಲೀಸಾಗಿ ಜಾರಿತು, ಎರಡನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಹಾಗೇಕಾಯಿತು ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಎರಡೂ ಭಾಷೆಯವರು ಓದುವ ಪುಸ್ತಕವಿದು. ಹೇಳುವುದಾದರೆ ಇಲ್ಲಿಯೇ ಹೇಳಬೇಕು.

ಪಂಪಿನ ವಿಷಯ ಮೊದಲು. ಇಂಜಿನ್ನಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಬಿಸಿಯೆಲ್ಲ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಉಳಿದ ಬಿಸಿಯನ್ನು ಹೊರಗೆ ಸಾಗಿಸದಿದ್ದರೆ ಲೋಹವೇ ಸೊಟ್ಟಗಾಗುತ್ತದೆ. ಸಾಗಿಸುವುದು ಕೂಲೆಂಟ್ ಎಂಬ ಬಣ್ಣದ ನೀರು. ಆ ನೀರನ್ನು ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಬಿಡುವಿಲ್ಲದೆ ಸುತ್ತಿಸುವುದು ವಾಟರ್ ಪಂಪು. ಬೆಲ್ಟಿನಿಂದ ತಿರುಗುವ ಒಂದು ಅಚ್ಚು, ಅದರ ತುದಿಗೆ ರೆಕ್ಕೆಗಳ ಚಕ್ರ, ಅಚ್ಚಿಗೆ ಆಧಾರವಾಗಿ ಬೇರಿಂಗು, ನೀರು ಬೇರಿಂಗಿನ ಕಡೆಗೆ ನುಗ್ಗದಂತೆ ಒಂದು ಸೀಲು. ಇಷ್ಟೇ ಯಂತ್ರ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದು ಸಣ್ಣ ತೂತು. ಸೀಲಿಗೂ ಬೇರಿಂಗಿಗೂ ನಡುವೆ, ಪಂಪಿನ ಮೈಯಲ್ಲಿ, ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸೀಲು ಸವೆದು ನೀರು ಒಸರತೊಡಗಿದರೆ ಅದು ಬೇರಿಂಗನ್ನು ತಿನ್ನುವ ಮೊದಲು ಈ ತೂತಿನಿಂದ ಹೊರಗೆ ಹನಿಯುತ್ತದೆ. ಯಜಮಾನನಿಗೆ ಗೊತ್ತಾಗಲಿ ಎಂಬ ಉದ್ದೇಶವೂ ಅದರಲ್ಲಿ ಉಂಟು. ಇಂಗ್ಲಿಷಿನಲ್ಲಿ ಅದಕ್ಕೆ ಅಳುವ ತೂತು ಎಂಬರ್ಥದ ಹೆಸರು. ತನ್ನ ದೋಷವನ್ನು ತಾನೇ ಹೇಳಿಕೊಳ್ಳಲಿ ಎಂದು ಯಂತ್ರಕ್ಕೆ ಒಂದು ಬಾಯಿ ಇಟ್ಟು ಕಳಿಸಿದವರ ಬುದ್ಧಿಯನ್ನು ಮೆಚ್ಚಬೇಕು.

ನನ್ನ ಪಂಪು ಹದಿನೈದು ದಿನ ಮೊದಲೇ ಅತ್ತಿತ್ತು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ನನ್ನ ಹೆಂಡತಿ, "ಕಾರಿನ ಅಡಿಯಲ್ಲಿ ಎಂತದೋ ಹಸಿರು ನೀರು ಬಿದ್ದಿದೆ, ನೋಡಿ. ನಾಯಿ ನೆಕ್ಕಲಿಕ್ಕೆ ಹೋಗ್ತದೆ" ಎಂದಳು. ಕೂಲೆಂಟಿಗೆ ಸಿಹಿ ವಾಸನೆ, ಸಿಹಿ ರುಚಿ. ನಾಯಿಗೆ ಅದು ವಿಷ. ನಾಯಿಯನ್ನು ಕಟ್ಟಿಹಾಕಿದೆ, ಒಂದು ಕೊಡಪಾನ ನೀರು ಹೊಯ್ದು ಅಂಗಳ ತೊಳೆದೆ, ಬಾನೆಟ್ಟು ತೆರೆದು ಕಡಿಮೆಯಾದಷ್ಟಕ್ಕೆ ಬಾವಿಯ ನೀರನ್ನೇ ತುಂಬಿಸಿದೆ. ವಾರಂಟಿ ಪುಸ್ತಕದಲ್ಲಿ ಕಂಪೆನಿ ಹೇಳಿದ ಕೂಲೆಂಟ್ ಬಿಟ್ಟು ಬೇರೇನೂ ಹಾಕಬಾರದೆಂದು ಬರೆದಿದೆ. ಬಾವಿಯ ನೀರಿನಿಂದ ಲೋಹ ತುಕ್ಕು ಹಿಡಿಯುತ್ತದೆ, ಪದರ ಕಟ್ಟುತ್ತದೆ. ನನಗೆ ಅದು ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾದೀತು.

ಆ ಭಾನುವಾರ ಹೊಸಂಗಡಿಯಲ್ಲಿ ಅಳಿಯನ ನಿಶ್ಚಿತಾರ್ಥ. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಮಡಿಲಲ್ಲಿ ಹಣ್ಣುಕಾಯಿಯ ಹರಿವಾಣ. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿದ್ದ ದಿನಗಳು. ಕುಂಬಳೆ ದಾಟುವಷ್ಟರಲ್ಲೇ ತಡವಾಗಿತ್ತು. ಆರಿಕ್ಕಾಡಿಯ ಹತ್ತಿರ ಕಣ್ಣ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. "ಅದೆಂತದಾ ಕೆಂಪು?" ಎಂದು ಅಕ್ಕ ಕೇಳಿದಳು. "ಏನೂ ಇಲ್ಲ ಅಕ್ಕ" ಎಂದೆ. ಈಗ ಬರೆಯುವಾಗ ಹೊಳೆಯುತ್ತದೆ, ಆ ಲೆಕ್ಕದಲ್ಲಿ ಮೊದಲ ಸುಳ್ಳು ಇದೇ. ಅಲ್ಲಿಂದ ಬಂದ್ಯೋಡಿನವರೆಗೆ ನಾಲ್ಕೈದು ಕಿಲೋಮೀಟರು ಹಾಗೆಯೇ ಓಡಿಸಿದೆ. ಆಸ್ಪತ್ರೆಗೆ ಹೋಗುವವನಲ್ಲ, ಪ್ರಾಣ ಹೋಗುವ ಕೆಲಸವಲ್ಲ. ತಡವಾಗಿ ಹೋದರೆ ಬೀಗರ ಮುಂದೆ ಮುಖ ಸಣ್ಣದಾಗುತ್ತದೆ, ಅಷ್ಟೇ. ಬಂದ್ಯೋಡು ಸಮೀಪಿಸುವಾಗ ಹಿಂದೆ ಬಿಳಿ ಹೊಗೆ, ಮುಂದೆ ಬಾನೆಟ್ಟಿನ ಸಂದಿಯಿಂದ ಹಬೆ. ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದಕ್ಕಿಂತ ಅದೇ ನಿಂತಿತು.

ಅಕ್ಕನನ್ನು ಬೇರೆ ಕಾರಿನಲ್ಲಿ ಕರೆದೊಯ್ದರು. ನಾನು ರಸ್ತೆ ಬದಿಯ ಒಂದು ಗ್ಯಾರೇಜಿನ ಮೇಸ್ತ್ರಿಯನ್ನು ಕರೆದೆ. ಲುಂಗಿ ಎತ್ತಿ ಕಟ್ಟಿಕೊಂಡು ಬಂದ ಬ್ಯಾರಿ ಯಜಮಾನರು. ನನ್ನೊಡನೆ ತುಳುವಿನಲ್ಲಿ ಮಾತಾಡಿದರು. ಇಂಜಿನ್ನು ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ ಎಂದು ನನ್ನ ಕೈ ಹಿಡಿದು ನಿಲ್ಲಿಸಿದರು. ಒಳಗೆ ಒತ್ತಡವಿರುತ್ತದೆ, ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಕಾದು, ಟಾರ್ಚು ಬಿಟ್ಟು, ಆ ಸಣ್ಣ ತೂತನ್ನೂ ಅದರ ಕೆಳಗೆ ಉಪ್ಪಿನ ಹಾಗೆ ಒಣಗಿ ಹಿಡಿದಿದ್ದ ಕರೆಯನ್ನೂ ತೋರಿಸಿದರು. ಎಣ್ಣೆಯ ಮುಚ್ಚಳ ತಿರುಗಿಸಿ ಅದರ ಒಳಭಾಗವನ್ನು ನನ್ನ ಕಣ್ಣೆದುರು ಹಿಡಿದರು. ಹಾಲು ಹಾಕಿದ ಚಹಾದಂತಿತ್ತು. ಎಣ್ಣೆಗೆ ನೀರು ಬೆರೆತಿದೆ, ಗ್ಯಾಸ್ಕೆಟ್ ಹೋಗಿದೆ ಎಂದರ್ಥ.

"ದೀಪ ಹತ್ತಿದ ಮೇಲೆ ಎಷ್ಟು ಓಡಿಸಿದಿರಿ?" ಎಂದು ಕೇಳಿದರು.

"ಆರಿಕ್ಕಾಡಿಯಿಂದ" ಎಂದೆ.

ಅವರು ನಾಲಿಗೆ ಚಪ್ಪರಿಸಿದರು. ಆಮೇಲೆ, "ವಾರಂಟಿ ಉಂಟಲ್ಲ? ಹಾಗಾದರೆ ನಾನು ಮುಟ್ಟುವುದಿಲ್ಲ. ನಾನು ಬಿಚ್ಚಿದರೆ ಅವರು ಮತ್ತೆ ಮುಟ್ಟುವುದಿಲ್ಲ. ಫೋನು ಮಾಡಿ, ಎತ್ತಿಕೊಂಡು ಹೋಗುತ್ತಾರೆ" ಎಂದರು. ಎರಡು ದಿನದ ಕೆಲಸ ಅವರ ಕೈಗೆ ಬಂದಿತ್ತು, ತಾವಾಗಿ ಬಿಟ್ಟುಕೊಟ್ಟರು. ಹಣ ಕೊಡಹೋದರೆ, ನೋಡಿದ್ದಕ್ಕೆಲ್ಲ ಎಂತ ಹಣ ಎಂದರು. ಅವರ ಪ್ರಶ್ನೆಗೆ ನಾನು ನಿಜ ಹೇಳಿದೆನಲ್ಲ, ಅದಕ್ಕೆ ಹೆಮ್ಮೆಪಡುವಂತಿಲ್ಲ. ಅವರಿಗೆ ನಿಜ ಹೇಳುವುದರಿಂದ ನನಗೆ ನಷ್ಟವಿರಲಿಲ್ಲ.

ಮರುದಿನ ಡೀಲರರ ವರ್ಕ್‌ಶಾಪಿಗೆ ಹೋದೆ. ಕೌಂಟರಿನಲ್ಲಿ ಇಪ್ಪತ್ತೈದರ ಒಬ್ಬ ಹುಡುಗ. ಜಾಬ್ ಕಾರ್ಡು ತುಂಬಿಸುತ್ತ ಮಲಯಾಳದಲ್ಲಿ ಒಂದೊಂದೇ ಪ್ರಶ್ನೆ ಕೇಳಿದ. ದೀಪ ಹತ್ತಿದ ಮೇಲೆ "ಎತ್ರ ದೂರಂ ಓಡಿಚ್ಚು?" ಎಂದ. ಹಿಂದಿನ ರಾತ್ರಿಯೇ ನಾನು ವಾರಂಟಿ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದಿದ್ದೆ. ತಯಾರಿಕೆಯ ದೋಷಕ್ಕೆ ಹೊಣೆ ಉಂಟು. ಎಚ್ಚರಿಕೆಯ ದೀಪವನ್ನು ಲೆಕ್ಕಿಸದೆ ಓಡಿಸಿ ಆದ ಹಾನಿಗೆ ಹೊಣೆ ಇಲ್ಲ. ಪಂಪು ಎಂಟು ಸಾವಿರದೊಳಗಿನ ಬಾಬತ್ತು. ಇಂಜಿನ್ನಿನ ಹೆಡ್ಡು ಬಿಚ್ಚಿ ಸರಿಮಾಡುವುದಾದರೆ ಮೂವತ್ತು ಸಾವಿರ ದಾಟುತ್ತದೆ ಎಂದೂ ವಿಚಾರಿಸಿಟ್ಟುಕೊಂಡಿದ್ದೆ. ಆದ್ದರಿಂದ ಒಂದು ಕ್ಷಣವೂ ತಡೆಯದೆ, ದೀಪ ಕಂಡ ಕೂಡಲೇ ಬದಿಗೆ ನಿಲ್ಲಿಸಿದೆ ಎಂದು ಮಲಯಾಳದಲ್ಲಿ ಹೇಳಿದೆ.

ಹುಡುಗ ತಲೆಯೆತ್ತಿ ನೋಡಿದ. ನನ್ನ ಮಲಯಾಳ ವ್ಯಾಕರಣಕ್ಕೆ ತಪ್ಪುವುದಿಲ್ಲ, ಆದರೆ ಉಚ್ಚಾರದಲ್ಲಿ ಊರು ಗೊತ್ತಾಗುತ್ತದೆ. "ಸಾರ್ ಕನ್ನಡದವರಾ?" ಎಂದ. ಅವನದು ಪೈವಳಿಕೆಯ ಕಡೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನಂತೆ. ಮುಖ ಅರಳಿತು. ದನಿ ತಗ್ಗಿಸಿ, ಮನೆಯವರೊಡನೆ ಮಾತಾಡುವಂತೆ, "ಸಾರ್, ಸರಿಯಾಗಿ ಹೇಳಿ. ಎಷ್ಟು ಓಡಿಸಿದ್ದೀರಿ? ಗ್ಯಾಸ್ಕೆಟ್ ಹೋಗಿದೆ, ಹಾಗಾಗಿ ಕೇಳಿದ್ದು" ಎಂದ.

ಆಗ ಗಂಟಲು ಕಟ್ಟಿತು. ಆದರೂ "ಇಲ್ಲ, ಕೂಡಲೇ ನಿಲ್ಲಿಸಿದೆ" ಎಂದೆ.

ಅವನು ಒಂದು ಗಳಿಗೆ ಸುಮ್ಮನಿದ್ದ. ದೋಷ ಹುಟ್ಟಿದ ಹೊತ್ತಿಗೆ ನೀರಿನ ಬಿಸಿ ಎಷ್ಟು, ವೇಗ ಎಷ್ಟು ಎಂಬುದನ್ನು ಇಂಜಿನ್ನಿನ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ ಎಂದು ನಾನು ಆಮೇಲೆ ತಿಳಿದೆ. ಆ ಎಣ್ಣೆಯ ಬಣ್ಣವಂತೂ ಅವನ ಕಣ್ಣೆದುರೇ ಇತ್ತು. "ಆಯಿತು ಸಾರ್, ಹಾಗೆಯೇ ಬರೆಯುತ್ತೇನೆ" ಎಂದ. ಬರೆದ. ನಾನು ಸಹಿ ಹಾಕಿದೆ. ಐದನೆಯ ದಿನ ಕಾರು ಸಿಕ್ಕಿತು. ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ.

ಗೆಳೆಯರೊಡನೆ ಈ ಮಾತು ತೆಗೆದಾಗ ಸಿಕ್ಕಿದ ಸಮಾಧಾನಗಳನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಒಬ್ಬರು ವಕೀಲರು. 1930ರ ಸರಕು ಮಾರಾಟ ಕಾಯಿದೆ ತೆರೆದು ತೋರಿಸಿದರು. ಅದರ 12ನೆಯ ಸೆಕ್ಷನ್ನಿನ ಪ್ರಕಾರ ವಾರಂಟಿ ಎಂದರೆ ಮಾರಾಟದ ಮುಖ್ಯ ಉದ್ದೇಶಕ್ಕೆ ಪಕ್ಕದಲ್ಲಿ ಸೇರಿಸಿದ ಉಪ ಕರಾರು. ಅದು ತಪ್ಪಿದರೆ ಕೊಂಡವನು ನಷ್ಟ ಪರಿಹಾರ ಕೇಳಬಹುದೇ ಹೊರತು ವಸ್ತುವನ್ನೇ ತಿರಸ್ಕರಿಸುವಂತಿಲ್ಲ. "ಅವರು ಕೊಟ್ಟದ್ದೇ ಎರಡನೆಯ ದರ್ಜೆಯ ಮಾತು. ಅದಕ್ಕೆ ನೀವು ಮೊದಲ ದರ್ಜೆಯ ಸತ್ಯ ಕೊಡಬೇಕೆಂದು ಎಲ್ಲಿದೆ?" ಎಂದು ನಕ್ಕರು. ಇನ್ನೊಬ್ಬರು, ವಾರಂಟಿಯ ಖರ್ಚನ್ನು ಕಾರಿನ ಬೆಲೆಯಲ್ಲಿ ಮೊದಲೇ ಸೇರಿಸಿರುತ್ತಾರೆ, ನೀನು ಕೊಟ್ಟ ಹಣವನ್ನೇ ನೀನು ಹಿಂದೆ ತೆಗೆದುಕೊಂಡದ್ದು ಎಂದರು. ಬೆಲೆಯಲ್ಲಿ ಸೇರಿಸುವುದು ನಿಜ. ಆದರೆ ಅದೇ ಬೆಲೆಯನ್ನು ಬೇರೆಯವರೂ ಕೊಡುತ್ತಾರೆ. ಹಾಗಾದರೆ ನಾನು ಕೈ ಹಾಕಿದ್ದು ಕಂಪೆನಿಯ ಕಿಸೆಗೋ, ದೀಪ ಕಂಡು ನಿಲ್ಲಿಸಿದವರ ಕಿಸೆಗೋ? ಮೂರನೆಯವರ ಮಾತು ನಮ್ಮ ಊರಿನ ಎದೆಯಿಂದ ಬಂದದ್ದು. ಆ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ, ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಕೊಂಡವನಿಗೆ ಓದಲಾಗದ ಭಾಷೆಯಲ್ಲಿ ನಿಬಂಧನೆ ಹಾಕುವವನು ಅರ್ಧ ಮೋಸವನ್ನು ಮೊದಲೇ ಮಾಡಿಯಾಯಿತಲ್ಲವೇ?

ಈ ಮೂರನೆಯ ಮಾತಿನಲ್ಲಿ ನ್ಯಾಯವಿದೆ. ಓದಲು ಬಾರದ ಒಬ್ಬ ಮುದುಕ ಆ ಸುಳ್ಳು ಹೇಳಿದ್ದರೆ ನಾನೇ ಅವನ ಪರವಾಗಿ ವಾದಿಸುತ್ತಿದ್ದೆ. ಆದರೆ ನಾನು ಓದಿದ್ದೆ. ಓದಿದ್ದರಿಂದಲೇ ಎಲ್ಲಿ ಸುಳ್ಳು ಹೇಳಬೇಕೆಂದು ನನಗೆ ತಿಳಿಯಿತು.

ಪಂಪು ಮತ್ತು ಗ್ಯಾಸ್ಕೆಟನ್ನು ಬೇರೆ ಬೇರೆ ಇಟ್ಟು ನೋಡುವುದು ನ್ಯಾಯ. ಮೂವತ್ತೊಂದು ಸಾವಿರ ಕಿಲೋಮೀಟರಿಗೆ ಸೀಲು ಸೋತದ್ದು ಪಂಪಿನ ಕೊರತೆ. ಬಾವಿಯ ನೀರು ನಾನು ಹೊಯ್ದದ್ದು ಅದು ಸೋತ ಮೇಲೆ. ಆ ಪಂಪು ನನಗೆ ಬರಬೇಕಾದದ್ದೇ. ಗ್ಯಾಸ್ಕೆಟನ್ನು ಸುಟ್ಟದ್ದು ನಾನು. ಅಲ್ಲಿ ನಿಂತು, "ಪಂಪು ನಿಮ್ಮದು, ಉಳಿದದ್ದು ನನ್ನದು" ಎಂದು ಹೇಳಬಹುದಿತ್ತು. ಪೂರ್ತಿ ಸುಳ್ಳಿನಲ್ಲಿ ನನಗೆ ನ್ಯಾಯವಾಗಿ ಬರಬೇಕಾದ ಪಂಪೂ ಕಳವಿನ ಮಾಲಿನ ಜೊತೆ ಒಂದೇ ಚೀಲಕ್ಕೆ ಬಿತ್ತು.

ಇದೆಲ್ಲ ಹಣದ ಲೆಕ್ಕ. ಹಣದ ಲೆಕ್ಕಕ್ಕೆ ಇಷ್ಟು ದಿನ ನಿದ್ದೆ ಕೆಡುವುದಿಲ್ಲ. ಕೆಡಿಸಿದ್ದು ಭಾಷೆ. ಕನ್ನಡದಲ್ಲಿ ಭಾಷೆ ಎಂದರೆ ನುಡಿಯೂ ಹೌದು, ಕೊಟ್ಟ ವಚನವೂ ಹೌದು. ಭಾಷೆ ಕೊಟ್ಟ, ಭಾಷೆಗೆ ತಪ್ಪಿದ ಎನ್ನುತ್ತೇವೆ. ಮಲಯಾಳದಲ್ಲಿ ವಾಕ್ಕು ಎಂದರೆ ಶಬ್ದ. ವಾಕ್ಕು ಕೊಡುವುದೆಂದರೆ ಮಾತು ಕೊಡುವುದು. ಎರಡು ಕಡೆಯ ಹಿರಿಯರೂ ಆಡುವುದನ್ನೂ ನಡೆಸುವುದನ್ನೂ ಒಂದೇ ಶಬ್ದದಲ್ಲಿ ಕಟ್ಟಿಟ್ಟಿದ್ದಾರೆ. ಹಾಗಿದ್ದರೂ ನನ್ನ ನಾಲಿಗೆ ಒಂದರಲ್ಲಿ ಅಳುಕಿತು, ಇನ್ನೊಂದರಲ್ಲಿ ಅಳುಕಲಿಲ್ಲ.

ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಇದರ ಹಿನ್ನೆಲೆ ಗೊತ್ತು. ತೋಟದಲ್ಲಿ ತುಳು, ಶಾಲೆಯಲ್ಲಿ ಮತ್ತು ಕಾಗದ ಬರೆಯುವಲ್ಲಿ ಕನ್ನಡ, ತಾಲೂಕು ಕಛೇರಿಯಲ್ಲಿ ಮಲಯಾಳ. 1956ರ ನವೆಂಬರ್ ಒಂದರ ನಂತರ ನಮ್ಮ ತಂದೆಯವರ ತಲೆಮಾರು ಮಲಯಾಳ ಕಲಿತದ್ದು ಅರ್ಜಿ ಕೊಡುವುದಕ್ಕಾಗಿ, ತೀರ್ವೆ ಕಟ್ಟುವುದಕ್ಕಾಗಿ. ಅವರಿಗೆ ಅದು ಕೌಂಟರಿನ ಭಾಷೆ. ಕೌಂಟರಿನಲ್ಲಿ ಕೆಲಸ ಆದರೆ ಸಾಕು; ಅಲ್ಲಿ ಹೇಳಿದ್ದಕ್ಕೆ ಮನಸ್ಸಾಕ್ಷಿ ಸಹಿ ಹಾಕಬೇಕಾಗಿಲ್ಲ ಎಂಬ ಒಂದು ಅಭ್ಯಾಸ ಯಾರೂ ಹೇಳಿಕೊಡದೆ ನನಗೂ ಬಂದಿತ್ತು. ನಾನು ಮಲಯಾಳ ಸಾಹಿತ್ಯ ಓದುತ್ತೇನೆ. ನೆರೆಯವರ ಮದುವೆಗೆ, ಸಾವಿಗೆ ಹೋಗಿ ಆ ಭಾಷೆಯಲ್ಲಿ ನಕ್ಕಿದ್ದೇನೆ, ಅತ್ತಿದ್ದೇನೆ. ಆದರೂ ಸುಳ್ಳಿಗೆ ಬೇಕಾದಾಗ ಅದನ್ನು ಕೈಚೀಲದಂತೆ ತೆಗೆದುಕೊಂಡೆ. ಇದನ್ನು ಮಲಯಾಳ ಓದುಗರ ಮುಂದೆ ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಯಾವನಾದರೂ ಕನ್ನಡವನ್ನು ಹಾಗೆ ಬಳಸಿದನೆಂದು ಕೇಳಿದರೆ ನಾವು ಸಭೆ ಸೇರಿಸುತ್ತಿದ್ದೆವು.

ಸಭೆಯ ಮಾತು ಬಂದಾಗ ಇನ್ನೊಂದು ಚುಚ್ಚುತ್ತದೆ. ಕಛೇರಿಗಳಲ್ಲಿ ಕನ್ನಡ ಬಲ್ಲ ನೌಕರರು ಬೇಕು, ನಮೂನೆಗಳು ಕನ್ನಡದಲ್ಲಿ ಬೇಕು ಎಂಬ ಎಷ್ಟೋ ಮನವಿಗಳಿಗೆ ನಾನು ಸಹಿ ಹಾಕಿದವನು. ಕೌಂಟರಿನ ಆಚೆ ಒಬ್ಬ ಕನ್ನಡದ ಹುಡುಗ ಕುಳಿತು, ಕನ್ನಡದಲ್ಲಿ "ಸರಿಯಾಗಿ ಹೇಳಿ" ಎಂದು ಕೇಳಿದ ಒಂದು ದಿನ ಬಂತು. ಆ ದಿನ ನಾನು ಹೇಳಿದ್ದು ಇದು.

ಪಾರ್ತಿಸುಬ್ಬನ ಊರು ಕುಂಬಳೆ; ನಮ್ಮಲ್ಲಿ ಧರ್ಮರಾಯನ ಸುಳ್ಳನ್ನು ತಾಳಮದ್ದಳೆಗಳಲ್ಲಿ ಎಷ್ಟು ರಾತ್ರಿ ಜಾಲಾಡಿದ್ದಾರೋ ಲೆಕ್ಕವಿಲ್ಲ. ಅಶ್ವತ್ಥಾಮನೆಂಬ ಆನೆ ಸತ್ತದ್ದು, ಅದರ ಹೆಸರನ್ನು ಜೋರಾಗಿ ಹೇಳಿ ಆನೆಯನ್ನು ಮೆಲ್ಲಗೆ ಹೇಳಿದ್ದು, ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲಿದ್ದ ರಥ ನೆಲ ಮುಟ್ಟಿದ್ದು. ಹುಡುಗನಾಗಿದ್ದಾಗ ನನಗೆ ಆ ರಥವೇ ದೊಡ್ಡ ವಿಷಯ. ಈಗ ದ್ರೋಣನ ಕಡೆ ಮನಸ್ಸು ಹೋಗುತ್ತದೆ. ರಣರಂಗದಲ್ಲಿ ಅಷ್ಟು ಜನ ಕೂಗುತ್ತಿರುವಾಗ ಯಾರನ್ನೂ ನಂಬದೆ ಆತ ಒಬ್ಬನನ್ನು ಮಾತ್ರ ಕೇಳಿದ, ಇವನು ಸುಳ್ಳು ಹೇಳಲಾರ ಎಂದು. ಶತ್ರುವಿನ ಪಾಳೆಯದಲ್ಲಿದ್ದರೂ ತನ್ನವನೆಂದು ಕೇಳಿದ. ಧರ್ಮರಾಯ ಮೋಸ ಮಾಡಿದ್ದು ಆ ಕೇಳುವಿಕೆಗೆ. ಆ ಹುಡುಗ ನನ್ನನ್ನು ಎರಡನೆಯ ಸಲ ಕೇಳಿದ್ದೂ ಹಾಗೆಯೇ. ಮಲಯಾಳದಲ್ಲಿ ಗಿರಾಕಿಯನ್ನು ಕೇಳಿದ, ಕನ್ನಡದಲ್ಲಿ ನನ್ನನ್ನು ಕೇಳಿದ. ಆದರೆ ಎರಡು ಸಲವೂ ಕುಳಿತದ್ದು ಅದೇ ಹುಡುಗ ಎಂಬುದು ನನಗೆ ಹೊಳೆಯಲಿಲ್ಲ. ಮೊದಲ ಸಲ ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಕಂಪೆನಿ. ಮುಖವಿಲ್ಲದ್ದಕ್ಕೆ ಸುಳ್ಳು ಹೇಳಿದರೆ ಯಾರಿಗೂ ತಾಗುವುದಿಲ್ಲವೆಂದು ಎಣಿಸಿದ್ದೆ.

ತಾಗುತ್ತದೆ ಎಂದು ತೋರಿಸಿಕೊಟ್ಟವರು ಬಂದ್ಯೋಡಿನ ಮೇಸ್ತ್ರಿ. ಮಳೆಗಾಲ ಕಳೆದ ಮೇಲೆ ಒಂದು ಗೊನೆ ನೇಂದ್ರ ಬಾಳೆ ಹಿಡಿದುಕೊಂಡು ಅವರಲ್ಲಿಗೆ ಹೋಗಿದ್ದೆ. ಬಾಳೆಗೊನೆ ತೆಗೆದುಕೊಂಡರು, ಚಹಾ ತರಿಸಿದರು. ಗ್ಯಾಸ್ಕೆಟನ್ನೂ ಹಾಕಿಕೊಟ್ಟರೇ ಎಂದು ಆಶ್ಚರ್ಯದಿಂದ ಕೇಳಿದರು. ನಾನು ನಡೆದುದನ್ನು ಹೇಳಿದೆ. ಬೈಯಲಿಲ್ಲ, ನಗಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗನಿಗೆ ಆಮೇಲೆ ಏನಾದರೂ ತೊಂದರೆಯಾಯಿತೋ?" ಎಂದರು.

ನನ್ನ ಗೆಳೆಯರಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಮೇಸ್ತ್ರಿ ವಿವರಿಸಿದರು. ರಿಪೇರಿ ಮಾಡುವವನು ಡೀಲರ್, ಅದರ ಹಣ ಕೊಡುವುದು ತಯಾರಿಸಿದ ಕಂಪೆನಿ. ಬಿಚ್ಚಿದ ಹಳೆಯ ಭಾಗಗಳನ್ನು ತೆಗೆದಿಟ್ಟಿರಬೇಕು; ಕಂಪೆನಿಯವರು ಬಂದು ನೋಡಿ, ಇದು ಓಡಿಸಿದವನ ತಪ್ಪೆಂದು ಕಂಡರೆ ಹಣ ತಡೆಯುತ್ತಾರೆ. ಆಗ ಡೀಲರ್ ಕೇಳುವುದು, ಈ ಕಾರ್ಡು ಬರೆದವ ಯಾರು ಎಂದು. "ಅವನ ಹೆಸರೇ ಅಲ್ಲವಾ ಅದರಲ್ಲಿ ಇರುವುದು" ಎಂದರು. ನನ್ನ ಸಹಿಯೂ ಇತ್ತು. ಆದರೆ ನನ್ನನ್ನು ಯಾರೂ ಕರೆಯುವುದಿಲ್ಲ, ನಾನು ಗಿರಾಕಿ.

ಮುಂದಿನ ಸರ್ವಿಸಿಗೆ ಹೋದಾಗ ಅವನನ್ನು ಹುಡುಕಿದೆ. ಕೌಂಟರಿನಲ್ಲಿ ಹೊಸ ಹುಡುಗಿ ಇದ್ದಳು. ಅವನು ಗಲ್ಫಿಗೆ ಹೋದನೆಂದು ಒಬ್ಬರು ಹೇಳಿದರು. ಯಾವಾಗ, ಏಕೆ ಬಿಟ್ಟ ಎಂದು ಕೇಳಿದರೆ ಆ ಮನುಷ್ಯ ಹೆಗಲು ಕುಣಿಸಿ ಒಳಗೆ ಹೋದರು. ನಮ್ಮ ಕಡೆಯ ಹುಡುಗರು ಕಾರಣವಿದ್ದರೂ ಗಲ್ಫಿಗೆ ಹೋಗುತ್ತಾರೆ, ಇಲ್ಲದಿದ್ದರೂ ಹೋಗುತ್ತಾರೆ.

ಹುಡುಗಿ ಎಂದಿನಂತೆ ಮಲಯಾಳದಲ್ಲಿ, ಬೇರೇನಾದರೂ ಹೇಳುವುದಿದೆಯೇ ಎಂದಳು. ಹೇಳುವುದಿದೆ ಎಂದೆ. ಹಿಂದಿನ ಮೇ ತಿಂಗಳ ಕಾರ್ಡಿನಲ್ಲಿ ಬರೆಸಿದ್ದು ನಿಜವಲ್ಲ, ಕೆಂಪು ದೀಪ ಕಂಡ ಮೇಲೂ ನಾಲ್ಕೈದು ಕಿಲೋಮೀಟರು ಓಡಿಸಿದ್ದೆ, ಬರೆದ ಹುಡುಗನ ತಪ್ಪಿಲ್ಲ, ಗ್ಯಾಸ್ಕೆಟಿನ ಖರ್ಚನ್ನು ನಾನು ಕೊಡಬೇಕಾಗಿತ್ತು ಎಂದು ಮಲಯಾಳದಲ್ಲಿಯೇ, ಶಬ್ದ ಶಬ್ದವಾಗಿ, ಹೇಳಿದೆ. ಹಿಂದಿನ ರಾತ್ರಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಆದರೂ ನಡುವೆ ಎರಡು ಸಲ ತಡವರಿಸಿದೆ.

ಅವಳು ಗಮನವಿಟ್ಟು ಕೇಳಿದಳು. ಕಂಪ್ಯೂಟರಿನಲ್ಲಿ ಏನೋ ಹುಡುಕಿ, ಪುಟ ತಿರುಗಿಸಿ, ಮತ್ತೆ ನನ್ನ ಕಡೆ ನೋಡಿದಳು.

"ಅದು ಕ್ಲೋಸ್ ಆಯಿ ಸಾರ್" ಎಂದಳು. ಹಣ ತೆಗೆದುಕೊಳ್ಳಲು ಅದರಲ್ಲಿ ಈಗ ಜಾಗವಿಲ್ಲವಂತೆ. ಆಮೇಲೆ, ಚಕ್ರಗಳ ಅಲೈನ್‌ಮೆಂಟು ಕೂಡ ನೋಡಬೇಕೇ ಎಂದು ಕೇಳಿದಳು.